ಖಾಲಿ ಪ್ಲಾಟಿನಲ್ಲಿ ಎದ್ದ ಮನೆ

ಆರು ಹೆಣ್ಣಾಳುಗಳ ಹದಿನಾಲ್ಕು ದಿನದ ಪಗಾರ, ನಾಲ್ಕು ಚೀಲ ಉಪ್ಪು, ಹನ್ನೆರಡು ಜೋಡಿ ರಬ್ಬರಿನ ಕೈಗವಸು, ಹನ್ನೊಂದು ಬಾಂಡ್ ಪೇಪರು, ಮತ್ತು ಒಂದು ಜೋಡಿ ಸಾಗವಾನಿ ಬಾಗಿಲು. ನಮ್ಮ ಓಣಿಯ ಕಾಂಗ್ರೆಸ್ ಕಸ, ಅದೇ ಪಾರ್ಥೇನಿಯಂ ಕಳೆ, ಕೀಳಿಸಲು ನನಗೆ ಬಿದ್ದ ಖರ್ಚು ಇಷ್ಟು. ನನ್ನ ಹೆಂಡತಿ ತನ್ನ ಮನೆಯಲ್ಲೇ ಕೂತು ನೆಟ್ಟಗೆ ಉಸಿರಾಡಲಿ ಎಂದು ಇಷ್ಟನ್ನೂ ಮಾಡಿದೆ. ಪಗಾರ, ಉಪ್ಪು, ಕೈಗವಸು ಯಾರಿಗಾದರೂ ತಿಳಿಯುತ್ತದೆ. ಬಾಂಡ್ ಪೇಪರು ಯಾಕೆ, ಬಾಗಿಲು ಯಾಕೆ ಎಂದು ಕೇಳುವವರಿಗೆ ಮಾತ್ರ ಸ್ವಲ್ಪ ಕೂತು ಹೇಳಬೇಕಾಗುತ್ತದೆ.

ನಮ್ಮದು ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರ. ಹಳೆಯ ಊರು ನದಿಯ ಹಿನ್ನೀರಿನಲ್ಲಿ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಊರು ಮುಳುಗುತ್ತದೆ ಎಂದು ಗೊತ್ತಾದಾಗ ಎಲ್ಲರೂ ಅತ್ತರು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಮನೆ ಮನೆಗೆ ಹೋಗಿ ಬಾಗಿಲು, ಚೌಕಟ್ಟು, ಕಂಬ, ತೊಲೆಗಳ ದರ ಕೇಳಿದೆ. ಮೊದಲ ದಿನ ಯಾರೂ ಬಿಡಲಿಲ್ಲ. ನೀರು ಹೊಲದ ಬದುವಿಗೆ ಬಂದ ದಿನ ಎಲ್ಲರೂ ಬಿಟ್ಟರು. ಆ ಕಟ್ಟಿಗೆಯ ಮೇಲೆಯೇ ಮುಧೋಳದ ರಸ್ತೆಯಲ್ಲಿ ಹಳೆ ಸಾಮಾನಿನ ಅಂಗಡಿ ಹಾಕಿದೆ, ಮಗಳ ಮದುವೆ ಮಾಡಿದೆ, ಮನೆ ಕಟ್ಟಿದೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಹೆಮ್ಮೆಯಿಂದಲೂ ಅಲ್ಲ. ಹೊತ್ತು ನೋಡಿ ಬಾಯಿ ತೆರೆಯುವುದು ನನ್ನ ಕಸುಬು.

ನಮ್ಮ ಓಣಿಯಲ್ಲಿ ಹದಿನೆಂಟು ಪ್ಲಾಟು. ಅದರಲ್ಲಿ ಮನೆ ಎದ್ದದ್ದು ಏಳರಲ್ಲಿ. ಉಳಿದ ಹನ್ನೊಂದರ ಹಕ್ಕುಪತ್ರ ತೆಗೆದುಕೊಂಡವರು ಜಮಖಂಡಿಗೆ ನೌಕರಿಗೆ ಹೋದರು, ರಬಕವಿ-ಬನಹಟ್ಟಿಗೆ ಮಗ್ಗದ ಕೆಲಸಕ್ಕೆ ಹೋದರು, ಕೆಲವರು ಎಲ್ಲಿ ಹೋದರೋ ಗೊತ್ತಿಲ್ಲ. ಅವರ ಜಾಗದಲ್ಲಿ ಕಸ ಬಂದು ನಿಂತಿತು. ಎದೆಯುದ್ದ ಬೆಳೆದು ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಹೂ. ಆಡು ಅದರ ಹತ್ತಿರ ಹೋಗಿ ಮೂಸಿ, ಮುಖ ತಿರುಗಿಸಿ ಬರುತ್ತಿತ್ತು. ಮುಳ್ಳು ಬೇಲಿಯನ್ನೇ ತಿನ್ನುವ ಆಡು! ಮಧ್ಯಾಹ್ನ ಗಾಳಿ ಬಿದ್ದಾಗ ಆ ಪ್ಲಾಟುಗಳ ನಡುವೆ ನಡೆದರೆ, ಜನ ತುಂಬಿದ ಮನೆಯಲ್ಲಿ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿದ ಹಾಗೆ ಅನಿಸುತ್ತಿತ್ತು.

ಹಾಗಾದರೆ ಕೀಳಬಾರದಿತ್ತೇ ಎಂದು ನೀವು ಕೇಳಬಹುದು. ಪುನರ್ವಸತಿ ಕೇಂದ್ರದಲ್ಲಿ ಇರುವವರು ಹಾಗೆ ಕೇಳುವುದಿಲ್ಲ. ಇಲ್ಲಿ ಇನ್ನೊಬ್ಬನ ಖಾಲಿ ಪ್ಲಾಟಿಗೆ ಯಾರೂ ಕಾಲಿಡುವುದಿಲ್ಲ. ಇವತ್ತು ಕಸ ಕಿತ್ತವನು ನಾಳೆ ದನ ಕಟ್ಟುತ್ತಾನೆ, ನಾಡಿದ್ದು ತಗಡು ಹೊಡೆಯುತ್ತಾನೆ, ಆಮೇಲೆ ಜಾಗ ನಂದೇ ಅನ್ನುತ್ತಾನೆ. ಒಂದು ಊರನ್ನು ಕಳೆದುಕೊಂಡವರಿಗೆ ಒಂದು ಗೇಣು ಜಾಗದ ಮೇಲೂ ಕಣ್ಣು. ಆದ್ದರಿಂದ ಕಸ ಆರಾಮಾಗಿತ್ತು.

ದಸರೆ ಮುಗಿದು ಚಳಿ ಸುರುವಾಗುವ ಹೊತ್ತಿಗೆ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದು ಸೀನಿನಿಂದ. ಮೊದಲು ಮೂಲೆ ಮನೆಯ ನಿವೃತ್ತ ಮಾಸ್ತರ ಸೀನುತ್ತಿದ್ದ. ಆಮೇಲೆ ಅವನ ಸೊಸೆ, ಅವನ ಎದುರು ಮನೆಯಾಕೆ, ಹಾಗೆ ಒಂದೊಂದೇ ಮನೆ ದಾಟಿ ಕೊನೆಗೆ ನಮ್ಮ ಮನೆಗೆ ಬರುತ್ತಿತ್ತು. ನನ್ನ ಹೆಂಡತಿ ಒಂದು ಸಲ ಸುರು ಮಾಡಿದರೆ ಮೂವತ್ತು, ನಲವತ್ತು. ಒಂದು ಮುಂಜಾನೆ ನಾನು ಅಂಗಳದಲ್ಲಿ ಹಲ್ಲು ತಿಕ್ಕುತ್ತಾ ಎಂದಿನಂತೆ ಕೇಳುತ್ತಿದ್ದೆ. ಮಾಸ್ತರ, ಸೊಸೆ, ಎದುರು ಮನೆ. ಅದಾದ ಮೇಲೆ ಒಂದು ಸೀನು ನಮ್ಮ ಪಕ್ಕದ ಖಾಲಿ ಪ್ಲಾಟಿನಿಂದ ಬಂತು. ಎದ್ದು ಹೋಗಿ ನೋಡಿದೆ. ಯಾರೂ ಇಲ್ಲ. ಹೂಗಳ ಮೇಲೆ ಮಂಜು ಕೂತಿತ್ತು, ಒಂದು ಗಿಡವೂ ಮುರಿದಿರಲಿಲ್ಲ. ಗೋಡೆಗೆ ಬಡಿದು ಬಂದ ಸಪ್ಪಳ ಇರಬೇಕು ಎಂದುಕೊಂಡೆ. ನಾನು ವ್ಯವಹಾರಸ್ಥ; ಹಾಗೇ ಅಂದುಕೊಳ್ಳಬೇಕು. ಆದರೆ ಅವತ್ತಿನಿಂದ ಆ ಬದಿಗೆ ಮುಖ ಮಾಡಿ ಹಲ್ಲು ತಿಕ್ಕುವುದನ್ನು ಬಿಟ್ಟೆ.

ಆ ವರ್ಷ ನನ್ನ ಹೆಂಡತಿಗೆ ಸೀನಿನ ಜೊತೆ ಉಸಿರೂ ಕಟ್ಟಿತು. ಕಣ್ಣು ಊದಿ ಸೀಳಾದವು. ಉಸಿರು ಬಿಟ್ಟಾಗ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದಂತೆ ಕೇಳುತ್ತಿತ್ತು. ಜಮಖಂಡಿಗೆ ಕರೆದುಕೊಂಡು ಹೋದೆ. ಡಾಕ್ಟರು ಕೈಮೇಲೆ ಸಣ್ಣ ಸಣ್ಣ ಚುಚ್ಚು ಹಾಕಿ ನೋಡಿದರು. ಒಂದು ಚುಚ್ಚು ರೊಟ್ಟಿಯ ಹಾಗೆ ಉಬ್ಬಿತು.

"ಆ ಬಿಳಿ ಹೂವಿನ ಹಿಟ್ಟಿಂದ ಆಗಾಕತ್ತೇತ್ರಿ," ಎಂದರು ಡಾಕ್ಟರು. "ಗುಳಿಗಿ ಕೊಡ್ತೇನಿ, ಉಸರಿಗೆ ಪಂಪ್ ಕೊಡ್ತೇನಿ. ಆದ್ರ ಒಂದ ಆ ಕಸಾ ಹೋಗಬೇಕ, ಇಲ್ಲಾ ಇವ್ರು ಅಲ್ಲಿಂದ ಹೋಗಬೇಕ. ಬರೂ ವರ್ಷನೂ ಹಿಂಗ ಆದ್ರ ದವಾಖಾನ್ಯಾಗ ಇಟಗೋಬೇಕಾಕ್ಕೇತಿ."

"ಅರ್ಧಾ ಕಸಾ ತಗಸಿದ್ರ ನಡೀತೇತೇನ್ರಿ ಸಾಹೇಬ್ರ?" ಎಂದೆ.

ಡಾಕ್ಟರು ಚೀಟಿಯಿಂದ ತಲೆ ಎತ್ತಿದರು. "ಇದು ಬಾಜಾರ ಅಲ್ರಿ," ಎಂದರು. ಹೆಂಡತಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಕೆಮ್ಮಿದಳು.

ಬನಹಟ್ಟಿಯಲ್ಲಿ ಮಗಳ ಮನೆಗೆ ಕಳಿಸಿದೆ. ಎಂಟನೆಯ ದಿನ ಬಸ್ಸಿಳಿದು ಒಬ್ಬಳೇ ನಡೆದು ಬಂದಳು. "ಯಾಕ?" ಎಂದು ಕೇಳಿದರೆ, "ಅಲ್ಲೆ ಹಗಲೆಲ್ಲಾ ಮಗ್ಗದ ಖಟಖಟ. ನನ್ನ ಉಸರ ನನಗ ಕೇಳಸಂಗಿಲ್ಲ. ಐತೋ ಹೋತೋ ಅಂತ ಅಂಜಿಕಿ ಬರತೈತ್ರಿ. ಸತ್ರ ಇಲ್ಲೇ ಸಾಯತೇನಿ, ಮಗಳ ಮನ್ಯಾಗ ಹೊರೆ ಆಗಿ ಕುಂಡ್ರಂಗಿಲ್ಲ," ಎಂದಳು. ಅವಳ ಜೊತೆ ಚೌಕಾಸಿ ನಡೆಯುವುದಿಲ್ಲ. ಮೂವತ್ತೈದು ವರ್ಷದಿಂದ ನೋಡಿದ್ದೇನೆ. ಹಾಗಾಗಿ ಕಸವೇ ಹೋಗಬೇಕಾಯಿತು.

ಹನ್ನೊಂದು ಮಾಲೀಕರನ್ನು ಹುಡುಕಲು ಹೊರಟೆ. ಇದು ನನಗೆ ಕಷ್ಟವಾಗಲಿಲ್ಲ. ಹನ್ನೊಂದೂ ಮನೆಯ ಬಾಗಿಲು ಕೊಂಡವನು ನಾನೇ. ಯಾರ ಚೌಕಟ್ಟಿನ ಮೇಲೆ ಎಷ್ಟು ಕಮಲ ಇತ್ತು ಎಂಬುದೂ ನೆನಪಿತ್ತು. ಒಬ್ಬನಿಗೆ ಫೋನು ಮಾಡಿ ಹತ್ತು ನಿಮಿಷ ಹಳೆಯ ಮಾತೆಲ್ಲ ಆಡಿದೆ. ಅದೇ ಗೊಗ್ಗರು ದನಿ, ಅದೇ "ಹಾಂ, ಹಾಂ". ಕೊನೆಗೆ ಅವನು, "ಕಾಕಾ, ನಾ ಅವರ ಮಗಾ ಮಾತಾಡಾಕತ್ತೇನ್ರಿ. ಅಪ್ಪ ಹೋಗಿ ಮೂರ ವರ್ಷ ಆತು," ಎಂದ. ಅಷ್ಟು ಹೊತ್ತು ನಾನು ಸತ್ತವನ ಜೊತೆ ಅವನ ಪ್ಲಾಟಿನ ಕಸದ ಬಗ್ಗೆ ಮಾತಾಡುತ್ತಿದ್ದೆ. ಆ ಪ್ಲಾಟಿನಲ್ಲೇ ಕಸ ಎಲ್ಲಕ್ಕಿಂತ ಎತ್ತರವಿತ್ತು.

ಮಾಸ್ತರ ನನ್ನ ಬಾಲ್ಯದ ಗೆಳೆಯ. ಕಟ್ಟೆಯ ಮೇಲೆ ಕೂತು ಫೋನಿನ ಮಾತೆಲ್ಲ ಕೇಳಿಸಿಕೊಂಡು, "ಏ ಸಾವಕಾರ, ಅವರ ಬಾಗಿಲಾ ತೀರಿದ್ವು, ಈಗ ಜಾಗಾಕ್ಕ ಕೈ ಹಚ್ಚಿದೇನಲೇ?" ಎಂದ.

"ನಿನ್ನ ಮೂಗ ಸೋರಾಕತ್ತೈತಿ, ಮೊದಲ ಅದನ್ನ ಒರಸ್ಕೊ."

"ನನ್ನ ಮೂಗ ಸೋರಿದ್ರ ನನ್ನ ಅಂಗ್ಯಾಗ ಹೊಕ್ಕೈತಿ. ನಿನ್ನ ಕೈ ಸೋರಿದ್ರ ಮಂದಿ ಪ್ಲಾಟಿನ್ಯಾಗ ಹೊಕ್ಕೈತಿ."

ಇಡೀ ಓಣಿಯ ಅನುಮಾನವನ್ನೇ ಅವನು ಬಾಯಿಬಿಟ್ಟು ಹೇಳಿದ್ದ. ಆದ್ದರಿಂದ ಬಾಂಡ್ ಪೇಪರು ತರಿಸಿದೆ. ಒಂದು ಪ್ಲಾಟಿಗೆ ಒಂದು. "ನಾನು ಇಲ್ಲಿ ಕಸ ಮಾತ್ರ ಕೀಳಿಸುತ್ತೇನೆ, ಈ ಜಾಗದ ಮೇಲೆ ನನಗೂ ನನ್ನ ಮಕ್ಕಳಿಗೂ ಯಾವ ಹಕ್ಕೂ ಇಲ್ಲ" ಎಂದು ಬರೆಸಿ, ಅದೇ ಮಾಸ್ತರನಿಂದ ಸಾಕ್ಷಿ ಹಾಕಿಸಿದೆ. ಅನುಮಾನ ಪಡುವವನನ್ನೇ ಸಾಕ್ಷಿ ಮಾಡಿಕೊಳ್ಳಬೇಕು. ಆಮೇಲೆ ಅವನೇ ನಿಮ್ಮ ವಕೀಲ. ಹತ್ತು ಜನ ಒಪ್ಪಿದರು. ಉಳಿದವಳು ಚಿಗವ್ವ.

ದೂರದ ಸಂಬಂಧದಲ್ಲಿ ಅವಳು ನನಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಆಗಬೇಕು. ಎಂಬತ್ತು ದಾಟಿದ ವಿಧವೆ, ಬನಹಟ್ಟಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳ ಹಳೆಯ ಮನೆಯ ಸಾಗವಾನಿ ಬಾಗಿಲು, ಹಿತ್ತಾಳೆಯ ಗುಬ್ಬಿ ಮೊಳೆ ಹೊಡೆದದ್ದು, ನಾನು ಅಂಗಡಿಗೂ ಒಯ್ಯದೆ ನನ್ನ ಮನೆಗೇ ಹಚ್ಚಿಕೊಂಡಿದ್ದೆ. ಹೋದಾಗ ಅವಳು ಮಗ್ಗದ ಕೋಣೆಯ ಮೆಟ್ಟಿಲ ಮೇಲೆ ಕೂತು ನೂಲು ಬಿಡಿಸುತ್ತಿದ್ದಳು. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ.

"ಬಾಗಿಲಾ ಹೆಂಗೈತಿ?" ಎಂದಳು.

"ಛಲೋ ಐತಿ ಚಿಗವ್ವಾ. ವರ್ಷಾ ಎಣ್ಣಿ ಹಚ್ಚತೇನಿ."

"ನೀ ಎಣ್ಣಿ ಹಚ್ಚಲಿ ಅಂತ ಕೊಟ್ಟಿದ್ದಿಲ್ಲಲೇ. ನೀರ ಬಂದಿತ್ತ, ಅದಕ್ಕ ಕೊಟ್ಟೆ."

ಬಂದ ಕೆಲಸ ಹೇಳಿದೆ. ಹೆಂಡತಿಯ ಉಸಿರಿನ ಸಂಗತಿಯನ್ನೂ ಹೇಳಿದೆ. ಅವಳು ನೂಲಿನ ಗಂಟು ಬಿಡಿಸುತ್ತಲೇ, "ಬಾಗಿಲಾ ಕೊಡು, ಹೂಂ ಅಂತೇನಿ," ಎಂದಳು.

"ತಂದ ಎಲ್ಲೆ ಹಚ್ಚತಿ ಬೇ? ಮಗಾ ಕಬ್ಬಿಣದ ಗೇಟ್ ಕುಂಡ್ರಿಸ್ಯಾನ. ಬ್ಯಾರೆ ಏನರ ಕೇಳು."

ಅವಳು ನೂಲು ಕೆಳಗಿಟ್ಟಳು. ಒಳಗೆ ಮಗ್ಗ ನಿಂತಿತು. "ಹಂಗಾರ ನನ್ನ ಮನಿ ಮಣ್ಣ ತಂದ ಆ ಪ್ಲಾಟಿನ್ಯಾಗ ಹಾಕು. ಪುಟ್ಟಿಲೆ ಸುರವಿ ಬರೂದಲ್ಲ ಮತ್ತ. ಮನಿ ಹೆಂಗಿತ್ತ, ಹಂಗ ಗೆರಿ ಎಳದ ಹಾಕು. ಪಡಸಾಲಿ, ನಡುಮನಿ, ಅಡಗಿಮನಿ, ದೇವರ ಜಗಲಿ. ಬಾಗಿಲಾ ಇದ್ದ ಜಾಗಾ ಖಾಲಿ ಬಿಡು. ಬಾಗಿಲಾ ನಿನ್ನ ಕಡೆ ಐತಲಾ."

ನಾನು ಒಳಗೊಳಗೇ ಹಿಗ್ಗಿದೆ. ಸಾಗವಾನಿ ಜೋಡಿಯ ಬದಲು ಬುಟ್ಟಿ ಮಣ್ಣು! ಮಣ್ಣಿಗೇನು ದರ? ಬರುವಾಗ ಬಸ್ಸಿನಲ್ಲಿ ಎರಡು ಸಲ ನಕ್ಕೆ.

ಮಾಘದಲ್ಲಿ ಕೂಲಿ ಹೆಂಗಸರು ಬಂದು ಹನ್ನೊಂದೂ ಪ್ಲಾಟು ಕಿತ್ತರು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ಗಿಡಗಳನ್ನು ತಗ್ಗಿಗೆ ಹಾಕಿ ಮುಚ್ಚಿದರು. ಹೆಂಡತಿಯನ್ನು ಅಷ್ಟು ದಿನ ಮುಧೋಳ ರಸ್ತೆಯ ಅಂಗಡಿಯಲ್ಲಿ ಕೂಡಿಸಿದ್ದೆ. ಕೆಲಸ ಮುಗಿದ ದಿನ ಓಣಿ ಹೊಸ ಊರಿನ ಹಾಗೆ ಕಂಡಿತು. ಬೆಳಗಿನ ಸೀನು ನಿಂತಿತು. ನಾನು ಗೆದ್ದೆ ಅಂದುಕೊಂಡೆ.

ಇನ್ನು ನಮ್ಮ ರೂಢಿಯೊಂದನ್ನು ಹೇಳಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಹಳೆಯ ಊರು ಮೇಲೆ ಬರುತ್ತದೆ. ಆಗ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಗುಡಿಯ ಕಟ್ಟೆಗೆ ಕಾಯಿ ಒಡೆದು, ತಮ್ಮ ತಮ್ಮ ಮನೆಯ ಜಾಗದಲ್ಲಿ ಕೂತು ರೊಟ್ಟಿ ತಿಂದು, ಬರುವಾಗ ಆ ಮನೆಯ ಒಳಗಿನ ಮಣ್ಣು ಒಂದು ಬುಟ್ಟಿ ತಂದು ಹೊಸ ಮನೆಯ ಹೊಸ್ತಿಲ ಬದಿಗೋ, ತುಳಸಿ ಕಟ್ಟೆಗೋ ಹಾಕುತ್ತಾರೆ. ನನ್ನ ಹೆಂಡತಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಅತ್ತೆ ಹೇಳಿ ಹೋಗಿದ್ದಳಂತೆ.

ಆ ಬೇಸಿಗೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆ. ಚಿಗವ್ವನ ಸುದ್ದಿ ಕೇಳಿ ಉಳಿದ ಮಾಲೀಕರೂ, "ನಮ್ಮ ಪ್ಲಾಟಿಗೂ ಒಂದ ಪುಟ್ಟಿ ಹಾಕ್ರೆಲಾ" ಎಂದಿದ್ದರು. ಹಾಕಿದರೆ ನನಗೇನು ನಷ್ಟ?

ಊರಿಗೆ ಊರೇ ಸೀಳುಬಿಟ್ಟ ಕೆಸರು, ಮೀನಿನ ವಾಸನೆ. ಬೀದಿ ಬೋಳಾಗಿತ್ತು. ಆದರೆ ಮನೆಗಳ ಒಳಗೆ, ಗೋಡೆಯ ನೆರಳಿಗೆ ತೇವ ಉಳಿದ ಕಡೆಯಲ್ಲೆಲ್ಲ, ಕಸ ಎದ್ದು ನಿಂತಿತ್ತು. ಕೋಣೆ ಕೋಣೆಯಲ್ಲೂ ಬಿಳಿ ಹೂ ಹೊತ್ತು, ಒತ್ತೊತ್ತಾಗಿ, ಯಾರೋ ಕರೆಯಲೆಂದು ಕಾಯುವವರ ಹಾಗೆ. ಬಾಗಿಲಿಲ್ಲದ ಮನೆಗಳು, ಬಾಗಿಲು ಕಿತ್ತವನು ನಾನು. ಚಿಗವ್ವನ ಮನೆಯ ಗೋಡೆ ಇನ್ನೂ ಆಳೆತ್ತರ ಇತ್ತು. ಒಳಗೆ ಹೋಗಲು ಯಾರನ್ನೂ ಕೇಳಬೇಕಾಗಿರಲಿಲ್ಲ, ಆದರೂ ಹಳೆಯ ರೂಢಿಯ ಪ್ರಕಾರ ಹೊಸ್ತಿಲಲ್ಲಿ ನಿಂತು ಒಂದು ಸಲ ಕೆಮ್ಮಿದೆ.

ಒಳಗಿನಿಂದ ಕೆಮ್ಮು ಬಂತು.

ಕೈಯಲ್ಲಿದ್ದ ಸಲಿಕೆ ಬಿತ್ತು. ಕೆಮ್ಮು ಮತ್ತೆ ಬಂತು, ಅದರ ಹಿಂದೆ ಆ ಪೀಪಿಯ ಸಪ್ಪಳ. ನನ್ನ ಹೆಂಡತಿ. ನಮ್ಮ ಮನೆ ಹಿಂದಿನ ಸಾಲಿನಲ್ಲಿತ್ತು. ಬಿದ್ದ ಗೋಡೆ ದಾಟಿ ಈ ಕಡೆಯಿಂದ ಬಂದಿದ್ದಳು. ಸೊಂಟದ ತನಕ ಹೂವಿನಲ್ಲಿ ನಿಂತು, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು, ಕಣ್ಣು ಮುಚ್ಚಿಕೊಂಡು ಉಸಿರಿಗೆ ಕಾಯುತ್ತಿದ್ದಳು. ಪಂಪು ತೆಗೆದು ಕೊಟ್ಟೆ. ಆಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಟ್ರ್ಯಾಕ್ಟರಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿತ್ತು, ಅದರ ಕಡೆ ಲಕ್ಷ್ಯ.

ಚಿಗವ್ವನ ಪ್ಲಾಟಿನಲ್ಲಿ ಹಗ್ಗ ಹಿಡಿದು, ಅವಳು ಹೇಳಿದ ಹಾಗೆ ಮೊಳ ಎಣಿಸಿ, ಗೇಣು ದಪ್ಪ ಮಣ್ಣಿನ ಗೆರೆ ಹಾಕಿಸಿದೆ. ಉಳಿದ ಪ್ಲಾಟುಗಳಿಗೆ ಒಂದೊಂದು ಬುಟ್ಟಿ. ನನ್ನ ಹೆಂಡತಿಯ ಬುಟ್ಟಿ ತುಳಸಿ ಕಟ್ಟೆಗೆ.

ಮಿರಗದ, ಅಂದರೆ ಮೃಗಶಿರೆಯ, ಮಳೆ ಚೆನ್ನಾಗಿ ಆಯಿತು. ಹದಿನೈದು ದಿನಕ್ಕೆ ಒಂದು ಮುಂಜಾನೆ ಮಾಸ್ತರ ಬಾಗಿಲು ಬಡಿದ. ಗೇಲಿ ಮಾಡುವ ಬಾಯಿ ಅವತ್ತು ಕಟ್ಟಿತ್ತು. "ಬಾರಲೇ ಹೊರಗ," ಎಂದಷ್ಟೇ ಅಂದ.

ಹತ್ತು ಪ್ಲಾಟುಗಳಲ್ಲಿ ಬುಟ್ಟಿ ಸುರುವಿದ ಕಡೆಯೆಲ್ಲ ದುಂಡಗೆ ಹಸಿರು. ಚಿಗವ್ವನ ಪ್ಲಾಟಿನಲ್ಲಿ ಅವಳ ಮನೆ ಎದ್ದಿತ್ತು. ಪಡಸಾಲೆ, ನಡುಮನೆ, ಅಡಿಗೆಮನೆ, ಜಗಲಿ, ಎಲ್ಲ ಗೋಡೆಯೂ ಗೇಣೆತ್ತರದ ಹಸಿರು ಕಸದಲ್ಲಿ. ಮೂಲೆಗೆ ಮೂಲೆ ಕೂಡಿತ್ತು. ಬಾಗಿಲಿದ್ದ ಕಡೆ ಮಾತ್ರ ಖಾಲಿ. ಆ ಖಾಲಿ ನೇರವಾಗಿ ನನ್ನ ಮನೆಗೆ, ಅವಳ ಬಾಗಿಲಿಗೆ, ಮುಖ ಮಾಡಿತ್ತು. ಹಾಗೆ ನಾನು ಅಳತೆ ಹಾಕಿರಲಿಲ್ಲ. ಪ್ಲಾಟೇ ಎದುರಿಗಿತ್ತು, ಅಷ್ಟೆ. ಅಷ್ಟೆ ಎಂದು ಆ ದಿನ ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ.

ಜನ ನೋಡಲು ಬಂದರು. ಯಾರೋ ಅರಿಶಿನ ಕುಂಕುಮ ಹಾಕಿ ಹೋದರು. ಕೂಲಿ ಹೆಂಗಸರನ್ನು ಮತ್ತೆ ಕರೆಸಿದೆ. ಅವರ ಮುಂದಾಳು ಪ್ಲಾಟಿನ ಅಂಚಿಗೆ ಬಂದು ನಿಂತಳು, ಕೈಗವಸು ಕಳಚಿದಳು.

"ಯಪ್ಪಾ, ಕಸಾ ಕಿತ್ತ ಕೊಡ ಅಂದ್ರ ಕೊಡ್ತೇವಿ. ಮಂದಿ ಮನಿ ಕಿತ್ತ ಕೊಡೂದಿಲ್ರಿ."

"ಎಲ್ಲೈತಿ ಮನಿ? ಕಸಾ ಅದು."

"ಹಂಗಾರ ಗ್ವಾಡಿ ದಾಟಿ ನೀವ ಹೋಗಿ ಬರ್ರಿ ನೋಡೂನು."

ನಾನು ಹೋದೆ. ಆದರೆ ಗೆರೆ ದಾಟಿ ಹೋಗಲಿಲ್ಲ, ಸುತ್ತು ಹಾಕಿ ಆ ಖಾಲಿ ಬಾಗಿಲಿನಿಂದಲೇ ಹೋದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಒಬ್ಬಳೂ ಕೆಲಸಕ್ಕೆ ಇಳಿಯಲಿಲ್ಲ.

ಹೀಗೆ ಪಂಚಮಿ ಬಂತು. ಮನೆಗೆ ಮೊಣಕಾಲೆತ್ತರ ಗೋಡೆ ಬೆಳೆದು ಹೂ ಬಿಡತೊಡಗಿತು. ಹೆಂಡತಿ ಬೆಳಿಗ್ಗೆ ಸೀನತೊಡಗಿದಳು, ಹತ್ತು, ಇಪ್ಪತ್ತು. ಡಾಕ್ಟರು ಹೇಳಿದ ಬರುವ ವರ್ಷ ಬಂದೇಬಿಟ್ಟಿತ್ತು. ನಾನು ಕೊನೆಗೆ ಮಾಡಬೇಕಾದದ್ದನ್ನು ಮಾಡಿದೆ. ತುಳಸಿ ಕಟ್ಟೆಗೆ ಹಾಕಿ ಉಳಿದ ಮಣ್ಣು ಹಿತ್ತಲಲ್ಲಿ ಚೀಲದಲ್ಲಿತ್ತು. ಒಂದು ಹಿಡಿ ತೆಗೆದು ಡಾಲ್ಡಾ ಡಬ್ಬಿಯಲ್ಲಿ ಹಾಕಿ ನೀರು ಕೊಟ್ಟೆ. ಇನ್ನೊಂದು ಡಬ್ಬಿಯಲ್ಲಿ ನಮ್ಮ ಹೊಲದ ಮಣ್ಣು. ಎಂಟು ದಿನಕ್ಕೆ ಹೊಲದ ಮಣ್ಣಿನಲ್ಲಿ ಎರಡು ಹುಲ್ಲು. ಇನ್ನೊಂದರಲ್ಲಿ ಡಬ್ಬಿ ತುಂಬ ಅದೇ ಕಸದ ಸಸಿ, ಬೆರಳಿಡಲೂ ಜಾಗವಿಲ್ಲದಷ್ಟು. ನದಿಯ ಆ ಕೆಸರಿನಲ್ಲಿ ಬೀಜ ಲಕ್ಷ ಲಕ್ಷ ಮಲಗಿತ್ತು. ಪ್ರತಿ ಬೇಸಿಗೆ ಅದನ್ನು ತಲೆಯ ಮೇಲೆ ಹೊತ್ತು, ಪೂಜೆ ಮಾಡಿ, ಹೊಸ್ತಿಲಿಗೆ ತಂದು ಬಿತ್ತಿದವರು ನಾವು. ಆ ವರ್ಷ ಟ್ರ್ಯಾಕ್ಟರಿನಲ್ಲಿ ತಂದವನು ನಾನು.

ಬನಹಟ್ಟಿಗೆ ಈ ಸಲ ಬಸ್ಸಿನಲ್ಲಿ ಹೋಗಲಿಲ್ಲ. ಬಾಗಿಲು ಕಳಚಿ ಟೆಂಪೊದಲ್ಲಿ ಹಾಕಿಕೊಂಡು ಹೋದೆ. ಚಿಗವ್ವ ಗುಬ್ಬಿಗಳ ಮೇಲೆ ಕೈಯಾಡಿಸಿ ಎಣಿಸಿದಳು.

"ಎಲ್ಲಾ ಅದಾವಲೇ," ಎಂದಳು. "ಈಗ ಏನ ಬೇಕ?"

"ನಿನ್ನ ಮನಿ ಕೀಳಬೇಕ ಚಿಗವ್ವಾ. ಯಾರೂ ಕೈ ಹಚ್ಚವಲ್ಲರು. ನೀ ಬಂದ ಹೂಂ ಅನ್ನಬೇಕ."

ಅದೇ ಟೆಂಪೊದಲ್ಲಿ ಬಂದಳು. ಇಡೀ ಓಣಿ ಹೊರಗೆ ನಿಂತಿತ್ತು. ಸಂಜೆಯ ಬಿಸಿಲು, ಹೂವೆಲ್ಲ ಹಳದಿ. ಅವಳು ಖಾಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಪಡಸಾಲೆಯಲ್ಲಿ ಸ್ವಲ್ಪ ನಿಂತಳು. ನಡುಮನೆಯಲ್ಲಿ ಬಲಕ್ಕೆ ಸರಿದು, ಅಲ್ಲಿ ಏನೋ ಇದ್ದ ಹಾಗೆ, ಅದನ್ನು ಸುತ್ತಿ ಹೋದಳು. ಅಡಿಗೆಮನೆಗೆ ಬಗ್ಗಿ ಹೊಕ್ಕಳು; ಹಳೆಯ ಮನೆಯ ಅಡಿಗೆಮನೆ ಬಾಗಿಲು ಗಿಡ್ಡದಾಗಿತ್ತು. ಬಯಲಲ್ಲಿ, ಆಕಾಶದ ಕೆಳಗೆ, ಆ ಮುದುಕಿ ಬಗ್ಗಿ ಹೊಕ್ಕದ್ದನ್ನು ಓಣಿಯೆಲ್ಲ ನೋಡಿತು. ಮಾಸ್ತರ ನನ್ನ ತೋಳು ಹಿಡಿದ.

ಅಡಿಗೆಮನೆಯಲ್ಲಿ ಅವಳು ಸೀನಿದಳು. ಒಂದು, ಎರಡು, ಐದು. ಸೆರಗಿನಿಂದ ಮೂಗು ಒರೆಸಿಕೊಂಡು ಸುತ್ತ ನೋಡಿದಳು.

"ಥೂ, ನನ್ನ ಅಡಗಿಮನ್ಯಾಗ ಏನರೆ ಬೆಳಸೀರಿಲೇ ಇದು! ಕೀಳ್ರಿ. ಇಲ್ಲಿಂದನ ಸುರು ಮಾಡ್ರಿ," ಎಂದು ತಾನೇ ಬಗ್ಗಿ ಕೈ ಹಾಕಿದಳು. ಹೆಂಗಸರು ಓಡಿ ಬಂದು ಅವಳ ಕೈ ಹಿಡಿದು, ಕೈಗವಸು ಹಾಕಿ, ಸುರು ಮಾಡಿದರು. ಕತ್ತಲಾಗುವ ಮೊದಲು ಮನೆ ನೆಲಕ್ಕೆ ಬಂತು. ಗೆರೆಯ ಮಣ್ಣನ್ನೂ, ಮರುದಿನ ಉಳಿದ ಹತ್ತು ಪ್ಲಾಟಿನ ದುಂಡು ಹಸಿರನ್ನು ಮಣ್ಣು ಸಮೇತವೂ, ಕೆರೆದು ತಗ್ಗಿಗೆ ಹಾಕಿದೆವು.

ಉಳಿದದ್ದು ನನ್ನ ತುಳಸಿ ಕಟ್ಟೆ. ಎರಡೂ ಡಬ್ಬಿ ತಂದು ಹೆಂಡತಿಯ ಮುಂದಿಟ್ಟೆ. ಅವಳು ಎರಡನ್ನೂ ಒಂದೊಂದಾಗಿ ನೋಡಿದಳು.

"ಊರ ಮಂದಿ ಬಾಗಿಲಾ ಎಲ್ಲಾ ಮಾರಿದ್ರಿ ನೀವು. ನಾ ಮಾತಾಡಲಿಲ್ಲ. ನಂದ ಒಂದ ಪುಟ್ಟಿ ಮಣ್ಣ. ಅದರ ಮ್ಯಾಲೂ ಕಣ್ಣ ಬಿತ್ತೇನ್ರಿ?"

"ಮಣ್ಣ ಬೇಕಂದ್ರ ಇರಲಿ. ಆದ್ರ ನೀ ಇರಬೇಕ," ಎಂದೆ. ಮೂವತ್ತೈದು ವರ್ಷದಲ್ಲಿ ಅಂಥ ಮಾತು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಎದ್ದು ಒಳಗೆ ಹೋದಳು. ಮರುದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ತುಳಸಿ ಹೊಲದ ಮಣ್ಣಿನಲ್ಲಿತ್ತು. ಹಳೆಯದನ್ನು ಮಾಸ್ತರನ ಸೊಸೆಯಿಂದ ಚೀಲದಲ್ಲಿ ತುಂಬಿಸಿ ಬಾಯಿ ಕಟ್ಟಿಸಿಟ್ಟಿದ್ದಳು.

ಈ ಬೇಸಿಗೆ ಹಳೆಯ ಊರಿಗೆ ಹೋದೆವು. ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಡಿಯ ಕಟ್ಟೆಯ ತನಕ ಮಾತ್ರ ಬಂದಳು. ನಮ್ಮ ಮನೆಯ ಕಡೆ ಮುಖ ಮಾಡಿ ಕೂತು ರೊಟ್ಟಿ ತಿಂದಳು. ಅಲ್ಲಿ ಎಲ್ಲ ಕೋಣೆಗಳಲ್ಲೂ ಅವರು ಹಾಗೆಯೇ ನಿಂತಿದ್ದರು, ಬಿಳಿ ಹೂವಿನ ತಲೆ ಹೊತ್ತು. ಏಳುವಾಗ ಅವಳು ಸೀರೆಯ ಅಂಚು ಝಾಡಿಸಿದಳು, ನೀರಿಗಿಳಿದು ಕಾಲು ತೊಳೆದಳು, ಖಾಲಿ ಬುಟ್ಟಿಯನ್ನೂ ತೊಳೆದಳು. ಬರುವಾಗ ದಾರಿಯುದ್ದಕ್ಕೂ ಅವಳ ಉಸಿರಿನಲ್ಲಿ ಪೀಪಿ ಇರಲಿಲ್ಲ. ಮಳೆಗಾಲವನ್ನು ಒಂದು ಪಂಪಿನಲ್ಲಿ ಕಳೆದಳು, ಮನೆಯಲ್ಲೇ. ಸೀನು ಪೂರಾ ಹೋಗಿಲ್ಲ. ರಸ್ತೆ ಬದಿಯ ಕಸ ಗಾಳಿಯಲ್ಲಿ ಬರುತ್ತದೆ, ಅದಕ್ಕೆ ನಾನು ಬಾಂಡ್ ಬರೆದುಕೊಡಲು ಆಗುವುದಿಲ್ಲ.

ನಿಮ್ಮ ಓಣಿಯಲ್ಲಿ ಈ ಕಸ ಇದ್ದರೆ ನನ್ನ ಮಾತು ಕೇಳಿ. ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಬೇರು ಸಮೇತ ಕೀಳಿಸಿ. ಕುಡುಗೋಲಿನಲ್ಲಿ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸೀನು, ಉಬ್ಬಸ, ಮೈತುರಿಕೆ ಇದ್ದವರನ್ನು ಆ ಕೆಲಸಕ್ಕೆ ಹಚ್ಚಬೇಡಿ. ಕೀಳುವ ದಿನ ಅವರನ್ನು ಬೇರೆ ಕಡೆ ಕಳಿಸಿ. ಕೀಳುವವರಿಗೆ ಕೈಗವಸು, ತುಂಬು ತೋಳಿನ ಅಂಗಿ, ಬಾಯಿಗೆ ಬಟ್ಟೆ ಬೇಕೇ ಬೇಕು. ಅಲ್ಲಿ ಕಂಜೂಸಿ ಮಾಡಿದರೆ ದವಾಖಾನೆಯಲ್ಲಿ ಕೊಡುತ್ತೀರಿ. ಹೂ ಬಿಟ್ಟದ್ದನ್ನು ಸುಡಬೇಡಿ, ತಗ್ಗು ತೋಡಿ ಮುಚ್ಚಿ. ಗಚ್ಚಿನ ಸಂದಿ, ಗಟಾರದ ಅಂಚಿನಲ್ಲಿ ಉಪ್ಪುನೀರು ನಡೆಯುತ್ತದೆ, ಹೊಲ ಮತ್ತು ಗಿಡಮರದ ಹತ್ತಿರ ಮಾತ್ರ ಬೇಡ. ಕಿತ್ತ ಜಾಗ ಖಾಲಿ ಬಿಡಬೇಡಿ. ತಗಚೆ ಬೀಜ ಚೆಲ್ಲಿ, ಅದು ಜಾಗ ಹಿಡಿದರೆ ಇದು ಏಳುವುದು ಕಡಿಮೆ. ಒಂದು ವರ್ಷಕ್ಕೆ ಮುಗಿಯಿತು ಎಂದುಕೊಳ್ಳಬೇಡಿ, ಮೂರು ನಾಲ್ಕು ಮಳೆಗಾಲ ಬೆನ್ನು ಹತ್ತಬೇಕು. ಖಾಲಿ ಪ್ಲಾಟಿನ ಮಾಲೀಕರಿಗೆ ಮೊದಲು ಫೋನು ಮಾಡಿ, ಬರೆದುಕೊಡಿ. ಮತ್ತೆ ಎಲ್ಲಿಂದಲಾದರೂ ಮಣ್ಣು ತರುವುದಿದ್ದರೆ, ಅದು ಎಷ್ಟೇ ಪ್ರೀತಿಯ ಜಾಗದ್ದಾಗಿರಲಿ, ಒಂದು ಹಿಡಿ ಡಬ್ಬಿಯಲ್ಲಿ ಹಾಕಿ, ನೀರು ಕೊಟ್ಟು, ಹದಿನೈದು ದಿನ ಕಾಯಿರಿ. ಏನು ಏಳುತ್ತದೆ ನೋಡಿ, ಆಮೇಲೆ ಹೊಸ್ತಿಲೊಳಗೆ ತನ್ನಿ.